ಅಳಿಯಸಂತಾನದ ಕಟ್ಟು ಮೀರಿದ ಜೀನ್ ಮಹಾಶಯರಿಗೆ

ಮಾನ್ಯರೇ,

ಡೊಂಬಿವಲಿ ಪೂರ್ವದಿಂದ ರತ್ನಾವತಿಯ ವಿನಯಪೂರ್ವಕ ನಮಸ್ಕಾರಗಳು. ಕಡಿಮೆಯೆಂದರೂ ಎರಡು ತಲೆಮಾರಿನಿಂದ ತಾವು ಕರಾರುಪತ್ರವಿಲ್ಲದೆ ನಮ್ಮ ಮನೆತನದಲ್ಲಿ ನೆಲೆಸಿ, ನನ್ನ ತಾಯಿಗೂ ಅಕ್ಕನಿಗೂ ಸ್ತನ ಕ್ಯಾನ್ಸರಿನ ದಾರಿ ತೆರೆದು, ಈಗ ನನ್ನಲ್ಲಿ ಇನ್ನೂ ಯಾವ ಉಪದ್ರವವನ್ನೂ ಮಾಡದೆ ಕುಳಿತಿರುವ ವಿಷಯ ನವಿ ಮುಂಬಯಿಯ ಆಸ್ಪತ್ರೆಯೊಂದರ ರಕ್ತಪರೀಕ್ಷೆಯಿಂದ ತಿಳಿಯಿತು. ಇಷ್ಟು ದಿನ ತಮ್ಮನ್ನು ಗುರುತಿಸದಿದ್ದುದಕ್ಕೆ ಕ್ಷಮೆಯಿರಲಿ.

ನನ್ನ ದೂರು ತಾವು ಬಂದುದರ ಬಗ್ಗೆ ಅಲ್ಲ, ನಡೆದುಕೊಳ್ಳುವ ಕ್ರಮದ ಬಗ್ಗೆ. ನಾವು ಉಡುಪಿ ಕಡೆಯ ಅಳಿಯಸಂತಾನದವರು. ನಮ್ಮಲ್ಲಿ ಕುಟುಂಬದ ಬಳಿ, ಅಂದರೆ ಗೋತ್ರದಂಥ ವಂಶದ ಗುರುತು, ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಗಂಡಸಿನ ಮಕ್ಕಳು ಅವನ ಹೆಂಡತಿಯ ಬಳಿಯವರು. ಈ ಶಿಸ್ತನ್ನು ನಂಬಿದ್ದ ನನ್ನ ತಮ್ಮ ಪ್ರೇಮನಾಥ, ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನಲ್ಲಿ ಕ್ಯಾಂಟೀನು ನಡೆಸುವವನು, ನೀನೂ ಪರೀಕ್ಷೆ ಮಾಡಿಸಿಕೋ, ಮಗಳು ದಿಶಾ ಇದ್ದಾಳೆ ಎಂದು ನಾನು ಹೇಳಿದಾಗ ನಕ್ಕುಬಿಟ್ಟ.

"ಅಕ್ಕ, ಅದು ನಮ್ಮ ಬಳಿಯ ರಗಳೆ. ದಿಶಾ ಅವಳ ಅಮ್ಮನ ಬಳಿಯವಳು ಅಲ್ವಾ? ಅವಳಿಗೆ ಹೇಗೆ ಹೋಗ್ತದೆ?"

ತಂದೆಯಿಂದ ಮಗಳಿಗೂ ತಾವು ಅರ್ಧಕ್ಕರ್ಧ ಸಂಭವವಿಟ್ಟು ದಾಟುವಿರೆಂದು ಆಸ್ಪತ್ರೆಯವರು ಬರೆದುಕೊಟ್ಟ ಚಿತ್ರವನ್ನು ತೋರಿಸಿದರೆ, ಅವರಿಗೆ ನಮ್ಮ ಕಟ್ಟುಕಟ್ಟಳೆ ಗೊತ್ತಿಲ್ಲವೆಂದು ಹೇಳಿ ನನಗೆ ಚಹಾ ತರಿಸಿದ. ಗಂಡು ಹೆಣ್ಣೆಂಬ ಭೇದವೆಣಿಸದ ತಮ್ಮ ಸಮದೃಷ್ಟಿ ನಮ್ಮ ಹಿರಿಯರಿಗೂ ಸಾಧ್ಯವಾಗಿರಲಿಲ್ಲ, ಅಭಿನಂದನೆಗಳು. ಆದರೂ ಮುಂದಿನ ಕುಟುಂಬದ ಸಭೆಗೆ ತಾವು ಖುದ್ದಾಗಿ ಹಾಜರಾಗಿ, ಹಳೆಯ ಕಟ್ಟಳೆಯನ್ನು ಪಾಲಿಸುವುದಾಗಿ ಸಹಿ ಹಾಕಬೇಕೆಂದು ಕೋರುತ್ತೇನೆ.

ದಿಶಾಳಿಗೆ ಸಂಬಂಧ ನೋಡುತ್ತಿರುವಾಗ ತಮ್ಮ ಸುದ್ದಿ ಹೊರಗೆ ಬೀಳಬಾರದೆಂದು ಮನೆಯವರೆಲ್ಲರ ಅಭಿಪ್ರಾಯವಾಗಿತ್ತು. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಒಂದು ಶನಿವಾರ ಭಜನಾ ಮಂಡಳಿಯಲ್ಲಿ ಮಂಗಳಾರತಿಯಾದ ಮೇಲೆ ಎದ್ದು ನಿಂತು ತಮ್ಮನ್ನು ಎಲ್ಲರಿಗೂ ಪರಿಚಯಿಸಿದೆ. ದೈವದ ಹರಕೆ ಬಾಕಿಯಿರಬೇಕು ಎಂದರು ಒಬ್ಬರು. ಹಾರ್ಮೋನಿಯಂ ನುಡಿಸುವ ನಿಶ್ಮಿತಾ ತಿದಿ ಮುಚ್ಚುತ್ತಾ, "ಹರಕೆ ಊರಿಗೆ ಹೋದಾಗ ತೀರಿಸುವ. ಆಸ್ಪತ್ರೆಗೆ ಯಾವ ವಾರ?" ಎಂದಳು.

ಹೀಗೆ ನನ್ನ ಸ್ಕ್ಯಾನಿಂಗಿಗೆ ಠಾಣೆಯಿಂದ ವಾಶಿ ಲೋಕಲಿನಲ್ಲಿ ಆರು ಮಂದಿ ಅವಲಕ್ಕಿ ಡಬ್ಬಿಯ ಸಮೇತ ಬಂದು, ಹೊರಗಿನ ಬೆಂಚಿನಲ್ಲಿ ಕುಳಿತು ಭಜನೆ ಹೇಳಿದರು. ಮೆಲ್ಲಗೆ ಹೇಳಿ ಎಂದು ಗದರಿಸಿದ ನರ್ಸ್, ಮುಂದಿನ ಸಲ ಒಂದು ಮರಾಠಿ ಅಭಂಗವೂ ಇರಲಿ ಎಂದು ಸೇರಿಸಿದರು. ನಮ್ಮನ್ನು ಒಬ್ಬೊಬ್ಬರಾಗಿ ಮೂಲೆಗೆ ಕೂರಿಸುವ ತಮ್ಮ ಯೋಜನೆಗೆ ಅಡ್ಡಿಯಾಗಿದ್ದರೆ ವಿಷಾದವಿದೆ.

ಪ್ರೇಮನಾಥ ಮಾತ್ರ ಜಗ್ಗಲಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರಿಸುವ ದಿಶಾ, ನಮ್ಮಿಬ್ಬರ ವಾದವನ್ನು ಊಟ ಮುಗಿಯುವವರೆಗೆ ಕೇಳಿ, ಆಮೇಲೆ ತನ್ನ ಉದ್ದ ಮೂಗಿನ ಮೇಲೆ ಬೆರಳಿಟ್ಟು, "ಪಪ್ಪಾ, ಹೇ ನಾಕ್ ಕುಣಾಚಂ?" ಎಂದಳು. ಆ ಮೂಗು ಯಾರದೆಂದು ಡೊಂಬಿವಲಿಯಲ್ಲಿ ಯಾರೂ ಕೇಳಬೇಕಾಗಿಲ್ಲ. ಬಳಿ ದಾಟಿ ಮೂಗು ಹೋಗಿರುವಾಗ ಇನ್ನೇನು ಹೋಗದು? ಪ್ರೇಮನಾಥ ಕೈ ತೊಳೆದು ಬಂದವನು, ಗುರುವಾರ ಕ್ಯಾಂಟೀನಿಗೆ ರಜೆ ಎಂದ.

ಒಲ್ಲದಿದ್ದರೂ ಬಿಡಿಸಿಕೊಳ್ಳಲಾಗದ,
ತಮ್ಮ ವಿಶ್ವಾಸಿ,
ರತ್ನಾವತಿ

ಮರೆತ ಮಾತು: ಪ್ರೇಮನಾಥನ ವರದಿ ಬಂದಿದೆ. ತಾವು ಅವನಲ್ಲೂ ಇದ್ದೀರಿ. ದಿಶಾಳ ಪರೀಕ್ಷೆ ಬುಧವಾರ. ನಮ್ಮ ಕಡೆಯಿಂದ ಹದಿನಾಲ್ಕು ಜನ ಹೊರಟಿದ್ದೇವೆ, ಅಭಂಗವೂ ಬಾಯಿಪಾಠವಾಗಿದೆ. ತಮ್ಮ ಕಡೆಯಿಂದ ಯಾರು ಬರುತ್ತಾರೆ?