ಗಟ್ಟಿಯಾಗದ ಕಟ್ಟೆ

ರಾತ್ರಿ ಊರೆಲ್ಲ ಮಲಗಿದ ಮೇಲೆ ಮರ್ಲ್ ಹ್ರುಸ್ಕಾ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಮಂಡಿಯೂರಿ, ಸಂಜೆ ತಾನೇ ಹಾಕಿದ ಸಿಮೆಂಟು ಕಟ್ಟೆಗೆ ಮೊಳೆ ಚುಚ್ಚಿದ. ಟಕ್ ಎನ್ನಬೇಕಿತ್ತು. ಪಚಕ್ ಎಂದಿತು.

ಬೆಳಿಗ್ಗೆಯೂ ಪಚಕ್.

ಅದರ ಮೇಲೆ ಹೆಂಡತಿ ಆರ್ಲೀನಳ ಹೆಸರಿನ ಕಲ್ಲು ನಿಲ್ಲಬೇಕಿತ್ತು. ನಾದಿನಿ ಲವಾನ್ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಭಾವ, ಅಕ್ಕನ ಬೂದಿ ಪೆಟ್ಟಿಗೆ ಇನ್ನೂ ನಿಮ್ಮ ಅಡುಗೆಮನೆ ಕಪಾಟಲ್ಲೇ ಇದೆ. ಭಾನುವಾರ ನಾನು ಬರೋಷ್ಟರಲ್ಲಿ ಕಲ್ಲು ನಿಂತಿರದಿದ್ರೆ, ಅವಳನ್ನ ಕಾನ್ಸಸ್‌ಗೆ ಕರ್ಕೊಂಡು ಹೋಗಿ ಅಮ್ಮನ ಪಕ್ಕ ಇಡ್ತೀನಿ."

ಇವತ್ತೇ ಭಾನುವಾರ.

ತೈಲಬಾವಿಗೆ ಇಳಿಸುವ ಸಿಮೆಂಟು ಭೂಮಿಯ ಬಿಸಿಗೆ ನಡುದಾರಿಯಲ್ಲೇ ಕಲ್ಲಾಗದಂತೆ ತಡೆಯುವ ಪುಡಿ ಬೆರೆಸುವುದು ಮರ್ಲ್‌ನ ಕಸುಬು. ಒಕ್ಲಹೋಮದ ಆ ಊರಿನಲ್ಲಿ ಎಲ್ಲರದೂ ಬಾವಿಯ ಕೆಲಸವೇ. ಪ್ರಾರ್ಥನೆ ಮುಗಿದದ್ದೇ ತಡ, ಮದುವೆಮನೆಯ ಸಾರಿಗೆ ಆಳಿಗೊಂದು ಹಿಡಿ ಉಪ್ಪು ಹಾಕುವವರಂತೆ ಬಂದು ಮುತ್ತಿದರು.

"ಆಯುಷ್ಯವೆಲ್ಲ ಸಿಮೆಂಟಿಗೆ ನಿಧಾನ ನಿಧಾನ ಅಂದೆ. ಈಗ ಅದು ನಿನ್ನ ಮಾತು ಕೇಳ್ತಿದೆ ಕಣೋ," ಎಂದ ಪಕ್ಕದ ಮನೆಯ ಫ್ಲಾಯ್ಡ್.

ಲಾರಿ ಓಡಿಸುವ ಡ್ಯೂಯಿ ಹೀಟರ್ ತಂದ. ಯಾರೋ ಕಂಬಳಿ ಹೊದಿಸಿದರು, ಯಾರೋ ಬೇಗ ಗಟ್ಟಿಯಾಗಿಸುವ ಪುಡಿ ಚೆಲ್ಲಿದರು. ಕಡೆಗೆ ಧೈರ್ಯಮಾಡಿ ಕಲ್ಲನ್ನೇ ನಿಲ್ಲಿಸಿದರು. ಅದು ಉಪದೇಶದ ನಡುವೆ ತೂಕಡಿಸುವ ಮುದುಕನಂತೆ ಮೆಲ್ಲಗೆ ವಾಲಿತು.

ಕಟ್ಟೆಯ ಅಂಚಿನಲ್ಲಿ ಇರುವೆ ಸಾಲುಗಟ್ಟಿದ್ದನ್ನು ಫ್ಲಾಯ್ಡ್ ಕಂಡ. "ಸಕ್ಕರೆ! ಕೆಲಸ ಮುಗಿದ್ಮೇಲೆ ತೊಟ್ಟೀಲಿ ಉಳಿದ ಸಿಮೆಂಟು ಸೆಟ್ ಆಗ್ಬಾರ್ದು ಅಂತ ನಾವೇ ಎಸೀತೀವಲ್ಲ, ಅದೇ. ಯಾರೋ ಬೇಕಂತ ಹಾಕಿದಾರೆ."

"ಲವಾನ್ ಗಂಡನೂ ಇದೇ ಕಸುಬಿನವನಲ್ವಾ," ಎಂದ ಡ್ಯೂಯಿ. "ಅವಳ ಕಾರು ನಿನ್ನೇನೇ ಲಾಡ್ಜ್ ಹತ್ರ ನೋಡ್ದೆ."

ಮರ್ಲ್‌ಗೆ ನಂಬಲು ಮನಸ್ಸಿರಲಿಲ್ಲ. ಆದರೆ ಕಲ್ಲು ಇನ್ನಷ್ಟು ವಾಲುತ್ತಿತ್ತು, ಗೇಟಿನಲ್ಲಿ ಲವಾನ್ ಕಾಣಿಸಿಕೊಂಡಳು.

"ಲವಾನ್, ಸಕ್ಕರೆ ನೀನು ಹಾಕಿದ್ಯಾ?" ಎಂದ ಮರ್ಲ್.

ಅವಳು ವಾಲಿದ ಕಲ್ಲನ್ನು ನೋಡಿದಳು, ಸುತ್ತ ನಿಂತವರ ಮುಖ ನೋಡಿದಳು. ಕೈಯಲ್ಲಿದ್ದ ಗುಲಾಬಿ ಸಸಿಯನ್ನು ನೆಲಕ್ಕಿಟ್ಟಳು.

"ಇದನ್ನ ಇಲ್ಲಿ ನೆಡೋಣ ಅಂತ ತಂದೆ ಭಾವ. ಕಲ್ಲು ನಿಂತಿರಲಿ ಬಿಡಲಿ, ಅಕ್ಕ ಇಲ್ಲೇ ಇರಲಿ ಅಂತ ಹೇಳೋಕೆ ಬಂದಿದ್ದೆ." ಕೈ ಒರೆಸಿಕೊಂಡು, "ಅವಳ ಸಮಾಧಿನ ನಾನೇ ಕೆಡಿಸಿದೆ ಅನ್ನೋರ ನಡುವೆ ಹೇಗೆ ಬಿಟ್ಟು ಹೋಗ್ಲಿ? ಪೆಟ್ಟಿಗೆ ಕೊಡಿ," ಎಂದಳು.

ಅವನು ಮನೆಗೆ ಹೋಗಿ ಕಪಾಟಿನಿಂದ ತಂದು ಕೊಟ್ಟ. ಕಾರು ಕಾನ್ಸಸ್ ಕಡೆ ತಿರುಗಿತು.

ಸಂಜೆ ಕೈಗವಸಿಗಾಗಿ ಮರ್ಲ್ ಕೋಟಿನ ಜೇಬಿಗೆ ಕೈ ಹಾಕಿದಾಗ ಹರಿದ ಚೀಲವೊಂದು ಸಿಕ್ಕಿತು. ಸಕ್ಕರೆಯದು, ಖಾಲಿ. ಆಗ ಎಲ್ಲ ನೆನಪಾಯಿತು. ತಳ್ಳುಗಾಡಿಯಲ್ಲಿ ಕಲಸಿದ ಮೊದಲ ಸಿಮೆಂಟನ್ನು ಸುರಿದು, ತಳದಲ್ಲಿ ಉಳಿದದ್ದಕ್ಕೆ ಎಂದಿನಂತೆ ಸಕ್ಕರೆ ಎಸೆದಿದ್ದ. ಆರ್ಲೀನಳನ್ನು ನೆನೆಯುತ್ತ, ತೊಳೆಯದೆ ಅದೇ ಗಾಡಿಯಲ್ಲಿ ಇನ್ನೊಂದು ಸಲ ಕಲಸಿ ಕಟ್ಟೆಗೆ ಸುರಿದಿದ್ದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು.

"ಏನೋ ಅದು?" ಬೇಲಿಯಾಚೆಯಿಂದ ಫ್ಲಾಯ್ಡ್ ಕೇಳಿದ.

"ಏನಿಲ್ಲ."

ಲವಾನ್‌ಗೆ ಫೋನು ಮಾಡಬಹುದಿತ್ತು. ಅವಳು ಇನ್ನೂ ದಾರಿಯಲ್ಲೇ ಇದ್ದಾಳು. ಮರ್ಲ್ ಫೋನು ಕೈಗೆತ್ತಿಕೊಂಡ, ಅವಳ ಮುಖ ನೆನಪಿಗೆ ಬಂತು, ಕೆಳಗಿಟ್ಟ. ಚೀಲವನ್ನು ಒಲೆಗೆ ಹಾಕಿ, ಅದು ಉರಿದು ಮುಗಿಯುವವರೆಗೂ ಅಲ್ಲೇ ನಿಂತ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡ.