ರೋಗಕ್ಕಿಂತ ಅದರ ಹೆಸರೇ ಕಾಟ

ಮಾತ್ರೆ ಬರೆದುಕೊಟ್ಟು ಸುಮ್ಮನಿರುವ ಡಾಕ್ಟರಮ್ಮ ನಾನಲ್ಲ. ಕಾಯಿಲೆಗೆ ಆ ಹೆಸರು ಎಲ್ಲಿಂದ ಬಂತು ಅಂತ ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಈ ಚಟಕ್ಕೆ ಸಿಕ್ಕ ಪ್ರತಿಫಲಗಳು ಒಂದೆರಡಲ್ಲ.

ಕೆಟ್ಟ ಗಾಳಿ

ಮೊದಲು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಡಾಕ್ಟರಾಗಿದ್ದೆ. ಒಂದು ಮಳೆಗಾಲ ಕೆಲಸಗಾರರಿಗೆ ಸಾಲಾಗಿ ಮಲೇರಿಯಾ ಬಂತು. ಶೆಡ್ಡಿನ ಹಿಂದೆ ಮೋರಿ ಕಟ್ಟಿಕೊಂಡಿದೆ, ಕ್ಲೀನ್ ಮಾಡಿಸಿ ಅಂತ ಮ್ಯಾನೇಜರಿಗೆ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸೊಳ್ಳೆಯ ಕೈವಾಡ ತಿಳಿಯುವ ಮೊದಲು ಇಟಲಿಯವರು ಇದು ಕೆಟ್ಟ ಗಾಳಿಯಿಂದ ಬರುತ್ತೆ ಅಂದುಕೊಂಡಿದ್ದರು, ಮಲೇರಿಯಾ ಅಂದರೆ ಅದೇ ಅರ್ಥ ಅಂತಲೂ ಸೇರಿಸಿದೆ. ಅವರು ತಲೆದೂಗಿದರು. ಮರುವಾರ ನೋಡಿದರೆ ಮೋರಿ ಹಾಗೇ ಇತ್ತು. ಗೋಡೆಗೋಡೆಗೂ ಮಲ್ಲಿಗೆ ವಾಸನೆಯ ರೂಮ್ ಫ್ರೆಶ್‌ನರ್ ತೂಗುಹಾಕಿದ್ದರು. ಆಮೇಲೆ ಬಂದ ಮಲೇರಿಯಾ ರೋಗಿಗಳೆಲ್ಲ ಘಮಘಮ ಅನ್ನುತ್ತಿದ್ದರು.

ಗ್ರಹಚಾರ

ಹೂಡಿಯಲ್ಲಿ ಸ್ವಂತ ಕ್ಲಿನಿಕ್ ತೆರೆದೆ. ಊರಿನ ಹಳೇ ಮನೆತನದ ಅಜ್ಜಿಯೊಬ್ಬರು ಜ್ವರ ಅಂತ ಬಂದರು. ಇನ್‌ಫ್ಲುಯೆಂಜಾ ಅಂದೆ. ಅದೇನು ಅಂತ ಕೇಳಿದ್ದೇ ತಡ, ನಕ್ಷತ್ರಗಳ ಪ್ರಭಾವದಿಂದ ಬರುವ ಕಾಯಿಲೆ ಅಂತ ಹಿಂದಿನವರು ನಂಬಿದ್ದರು, ಆ 'ಪ್ರಭಾವ'ವೇ ಹೆಸರಾಯಿತು ಅಂತ ವಿವರಿಸಿದೆ.

"ನಮ್ ಜೋಯಿಸ್ರೂ ಅಂಗೇ ಯೋಳಿದ್ರು ಕಣವ್ವಾ" ಅಂತ ಅಜ್ಜಿ ನೆಮ್ಮದಿಯ ಉಸಿರು ಬಿಟ್ಟರು.

ಎಲ್ಲಿ, ನಾಲಿಗೆ ತೋರಿಸಿ ಅಂದೆ. ಅವರು ಅಂಗೈ ಚಾಚಿದರು.

ತಾನಾಗೇ ಬಂದದ್ದು

ಐಟಿ ಕಂಪನಿಯ ಟೀಮ್ ಲೀಡ್ ಒಬ್ಬರು ಕೆಂಡವಾಗಿ ಬಂದರು. ಮೈಮೇಲಿನ ಪಿತ್ತದ ಗಂಧೆ ತೋರಿಸಲು ದೊಡ್ಡ ಆಸ್ಪತ್ರೆಗೆ ಹೋಗಿದ್ದರಂತೆ. ಅಲ್ಲಿನ ಸ್ಪೆಷಲಿಸ್ಟ್ ಚೀಟಿಯಲ್ಲಿ 'ಇಡಿಯೋಪಥಿಕ್' ಅಂತ ಬರೆದಿದ್ದರು. ಫೀಸು ಕೊಟ್ಟು ಬೈಸಿಕೊಂಡು ಬಂದೆ ಅನ್ನೋದು ಇವರ ದೂರು. ಗ್ರೀಕಿನಲ್ಲಿ 'ಇಡಿಯೋಸ್' ಅಂದರೆ 'ತನ್ನದೇ ಆದ', ತಾನಾಗೇ ಬಂದ ಕಾಯಿಲೆ, ಅಂದರೆ ಕಾರಣ ಡಾಕ್ಟರಿಗೂ ಗೊತ್ತಿಲ್ಲ ಅಂತ ಅರ್ಥ ಅಂದೆ. 'ಈಡಿಯಟ್' ಕೂಡ ಅಲ್ಲಿಂದಲೇ ಬಂದದ್ದಾ ಅಂತ ಕೇಳಿದರು. ಹೌದು ಅಂತ ಒಪ್ಪಿಕೊಂಡೆ.

"ಹಾಗಾದ್ರೆ ಸರಿ ಬಿಡಿ ಮೇಡಂ. ಅವರು ಬರೆದಿರೋದು ನನ್ನ ಬಗ್ಗೆ ಅಲ್ಲ."

ಅಲೆಮಾರಿ ಗರ್ಭಕೋಶ

ವೈಟ್‌ಫೀಲ್ಡಿನ ಮ್ಯಾನೇಜರೊಬ್ಬರು ತಮ್ಮ ಕೈಕೆಳಗಿನ ಹುಡುಗಿಯನ್ನು ಕರೆತಂದರು. ಶನಿವಾರ ಭಾನುವಾರವೂ ಬಿಡದೆ ದುಡಿಸಿಕೊಂಡು, ಮೀಟಿಂಗಿನಲ್ಲಿ ಎಲ್ಲರೆದುರು ಬೈದಿದ್ದರು, ಆಕೆ ಅತ್ತಿದ್ದಳು.

"ಹಿಸ್ಟೀರಿಯಾ, ಮೇಡಂ. ನೀವೊಂದು ಮಾತು ಬರೆದುಕೊಟ್ರೆ ಪ್ರಾಜೆಕ್ಟಿಂದ ತೆಗೆದುಬಿಡ್ತೀನಿ."

ಪರೀಕ್ಷೆ ಮಾಡಿದೆ. ಆಕೆ ನಿದ್ದೆಗೆಟ್ಟಿದ್ದಳು, ಬೇರೇನೂ ಇರಲಿಲ್ಲ. ಮ್ಯಾನೇಜರ್ ಒಪ್ಪಲಿಲ್ಲ. ಆಗ ಹೆಸರಿನ ಕಥೆ ತೆಗೆದೆ. ಗ್ರೀಕಿನಲ್ಲಿ 'ಹಿಸ್ಟೆರಾ' ಅಂದರೆ ಗರ್ಭಕೋಶ. ಗರ್ಭಕೋಶ ಜಾಗ ಬಿಟ್ಟು ಮೈಯೆಲ್ಲ ಅಲೆಯುತ್ತೆ, ಅದಕ್ಕೇ ಹೆಂಗಸರು ಕೂಗ್ತಾರೆ, ಅಳ್ತಾರೆ, ಮೂರ್ಛೆ ಹೋಗ್ತಾರೆ ಅಂತ ಹಳೇ ವೈದ್ಯರು ನಂಬಿದ್ದರು ಅಂದೆ. ಇಂಥ ನಂಬಿಕೆಗೆ ನಾಚಿಕೊಳ್ಳಲಿ ಅಂತ ನನ್ನ ಆಸೆ. ಅವರು, ನೋಡಿ, ಆ ಕಾಲದಲ್ಲೇ ಕಂಡುಹಿಡಿದಿದ್ದರು ಅಂತ ಹೆಮ್ಮೆಪಟ್ಟರು.

ಹೇಗೂ ಬಂದಿದ್ದೀನಿ, ಬೆಳಿಗ್ಗೆ ಗೇಟಿನ ತಗಡು ಕೈ ಗೀರಿದೆ, ಒಂದು ಟಿಟಿ ಇಂಜೆಕ್ಷನ್ ಕೊಟ್ಟುಬಿಡಿ ಅಂತ ಶರ್ಟಿನ ತೋಳು ಮೇಲೇರಿಸಿದರು. ಸೂಜಿ ಕಂಡದ್ದೇ 'ಅಮ್ಮಾ' ಅಂತ ಕೂಗಿ, ಕಣ್ಣಲ್ಲಿ ನೀರು ತಂದುಕೊಂಡು, ಕುರ್ಚಿಯಿಂದ ಜಾರಿ ನೆಲ ಸೇರಿದರು. ನಾನು ಅವರ ಕಾಲೆತ್ತಿ ಹಿಡಿದೆ. ಹುಡುಗಿ ಮುಖಕ್ಕೆ ನೀರು ಚಿಮುಕಿಸಿದಳು. ಅವರು ಕಣ್ಣು ಬಿಡೋವರೆಗೂ ಕಾದು, ತುಂಬ ಮರ್ಯಾದೆಯಿಂದ ನನ್ನ ಕೇಳಿದಳು:

"ಮೇಡಂ, ಸಾರ್ ಗರ್ಭಕೋಶ ಈಗ ಎಲ್ಲಿಗೆ ಹೋಗಿದೆ, ಸ್ವಲ್ಪ ನೋಡ್ತೀರಾ?"