ನಾನಾರಿಸಿದ ಸೆಂಟ್ರಿಂಗ್ ಪ್ಲೈವುಡ್ಡು

ಮನೆ ಕಟ್ಟಿಸುವ ಗಂಡಸಿಗೆ ಯಜಮಾನ ಅನ್ನುವ ಹೆಸರು ಸಿಗುತ್ತದೆ, ಅಷ್ಟೇ. ಮೇಸ್ತ್ರಿಯಿಂದ ಹಿಡಿದು ಮರಳಿನ ಲಾರಿಯವನವರೆಗೆ ಎಲ್ಲರೂ ಅವನನ್ನು ‘ಓನರ್’ ಎಂದೇ ಕರೆಯುತ್ತಾರೆ. ತೀರ್ಮಾನ ಕೇಳಬೇಕಾದಾಗ ಮಾತ್ರ ಅವನ ಹೆಗಲಾಚೆ ಇಣುಕಿ, ಹಿಂದೆ ನಿಂತ ಹೆಂಗಸಿನ ಮುಖ ನೋಡುತ್ತಾರೆ. ತಮಿಳುನಾಡಿನ ಚಿನ್ನಮನೂರಿನಲ್ಲಿ ಕನ್ನಡದವರಾದ ನಾವು ಕಟ್ಟಿಸಿದ ಮನೆಗೆ ಟೈಲ್ಸು ಆರಿಸಿದವಳು ನನ್ನ ಹೆಂಡತಿ ಸೆಲ್ವಿ. ತಲೆಬಾಗಿಲು ಅವಳಪ್ಪನ ಆಯ್ಕೆ. ಗೋಡೆಯ ಬಣ್ಣ ಮಗಳು ಪವಿತ್ರಾಳದು. ಅಡುಗೆಮನೆ ಯಾವ ಮೂಲೆಗೆ ಬರಬೇಕೆಂದು ಹೇಳಿದವರು ಉತ್ತಮಪಾಳಯಂನ ಜೋಯಿಸರು. ಅವರು ನಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದವರಲ್ಲ. ನಾನೇ ಖುದ್ದಾಗಿ ನಿಂತು, ತಟ್ಟಿ, ಮೂಸಿ ಆರಿಸಿದ್ದು ಒಂದೇ ಒಂದು ವಸ್ತು, ಸೆಂಟ್ರಿಂಗ್ ಪ್ಲೈವುಡ್ಡು. ಅದು ಈಗ ಮನೆಯಲ್ಲಿಲ್ಲ.

ಇರಬೇಕಾದದ್ದೂ ಅಲ್ಲವೆನ್ನಿ. ತಾರಸಿಗೆ ಕಾಂಕ್ರೀಟು ಸುರಿಯುವ ಮುಂಚೆ ಕೆಳಗೆ ಕಂಬ ಕೊಟ್ಟು, ಮೇಲೆ ಹಲಗೆ ಹಾಸುತ್ತಾರೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿ ಒಯ್ಯುತ್ತಾರೆ. ಮದುವೆ ಮುಗಿದ ಮೇಲೆ ಚಪ್ಪರದ ಗಳು ಯಾರಿಗೆ ನೆನಪಿರುತ್ತದೆ? ನಮ್ಮ ಕಡೆ ಹೆಚ್ಚಾಗಿ ಮೇಸ್ತ್ರಿಯೇ ತರುವ ಕಬ್ಬಿಣದ ತಗಡು ಹಾಸಿ ಕೆಲಸ ಮುಗಿಸುತ್ತಾರೆ. ನನ್ನ ಗ್ರಹಚಾರಕ್ಕೆ ದಿಂಡಿಗಲ್‌ನ ನೆಂಟರೊಬ್ಬರ ಮನೆಗೆ ಊಟಕ್ಕೆ ಹೋದಾಗ ಅಲ್ಲಿಯ ಹಾಲ್‌ನ ಒಳಸೂರು ನೋಡಿಬಿಟ್ಟೆ. ಪ್ಲ್ಯಾಸ್ಟರಿಲ್ಲ, ಬಣ್ಣವಿಲ್ಲ, ಬರೀ ಕಾಂಕ್ರೀಟು. ಆದರೆ ಸವರಿ ನೋಡೋಣ ಅನ್ನುವಷ್ಟು ನುಣುಪು. ಹಲಗೆಯ ಮೇಲೆ ಹೊಳೆಯುವ ಪದರ ಅಂಟಿಸಿದ ಪ್ಲೈವುಡ್ಡಿನ ಮಹಿಮೆ ಅದು ಅಂದರು. ಬಿರಿಯಾನಿ ಆರಿಹೋಗುವ ತನಕ ನಾನು ತಲೆಯೆತ್ತಿಕೊಂಡೇ ಕೂತಿದ್ದೆ.

ಸೆಲ್ವಿಗೆ ಬೇಕಾಗಿದ್ದುದು ಬೇರೆ. ಸುತ್ತ ಗುಲಾಬಿ ಹೂವಿನ ಅಚ್ಚು, ಒಳಗೆ ನೀಲಿ ದೀಪವಿರುವ ಫಾಲ್ಸ್ ಸೀಲಿಂಗು. ಅಂಥ ಹಾಲ್‌ನಲ್ಲಿ ಕೂತರೆ ಈಗಲೋ ಆಗಲೋ ಮದುವೆ ಹೆಣ್ಣು ಬರುತ್ತಾಳೆಂದು ಬಾಗಿಲು ಕಾಯಬೇಕೆನಿಸುತ್ತದೆ ನನಗೆ. ನಾನು ಎಂದೂ ಇಲ್ಲದ ಹಟ ಹಿಡಿದೆ. ಈ ಮನೆಯಲ್ಲಿ ನನ್ನದೆಂದು ತೋರಿಸಲು ಒಂದಾದರೂ ಬೇಡವೇ? ಕೊನೆಗೆ ಅವಳೇ ಒಂದು ಕರಾರು ಹಾಕಿದಳು.

“ನಿಮ್ ಪಲಗೆ ಚಂದಾಗ್ ಬಂದ್ರೆ ಅಂಗೇ ಬಿಟ್ಬುಡಣ. ಒಂದ್ ಕಲೆ ಕಂಡ್ರೂ ಸಿಮೆಂಟ್ ಪೂಚಾಕ್ಸಿ ಗುಲಾಬಿ ಹೂವಾಕ್ಸ್ತೀನಿ. ಆಮೇಲ್ ನೀವ್ ಬಾಯ್ ತೆಗಿಬಾರ್ದು.” ಪೂಚು ಅಂದರೆ ನಮ್ಮಲ್ಲಿ ಪ್ಲ್ಯಾಸ್ಟರು.

ಬಾಳೆಕಾಯಿ ಮಂಡಿ ಇಟ್ಟವನು ನಾನು. ಗೊನೆಯ ಬಣ್ಣ ನೋಡಿ ಅದು ಯಾವಾಗ ಹಣ್ಣಾದೀತೆಂದು ಹೇಳಬಲ್ಲೆ. ಆದರೆ ಪ್ಲೈವುಡ್ಡು ಹಣ್ಣಾಗುವುದಿಲ್ಲವಲ್ಲ. ತೇನಿಯ ಅಂಗಡಿಯವನು ಕೆಂಪು, ಕಂದು, ಕಪ್ಪು ಪದರದ ಹಲಗೆಗಳನ್ನು ಒಂದೊಂದಾಗಿ ಎಳೆದು ನಿಲ್ಲಿಸಿದ. ಎಲ್ಲದರಲ್ಲೂ ನನ್ನ ಮುಖ ಕಾಣಿಸುತ್ತಿತ್ತು, ಎಲ್ಲದರಲ್ಲೂ ಪೆದ್ದನಂತೆಯೇ ಕಾಣುತ್ತಿತ್ತು. ಏನೂ ತಿಳಿಯದವನೆಂದು ಅವನಿಗೆ ಗೊತ್ತಾಗಬಾರದೆಂದು ಬೆರಳಗೆಣ್ಣಿನಿಂದ ತೆಂಗಿನಕಾಯಿ ಬಡಿದ ಹಾಗೆ ಬಡಿದೆ, ಕಿವಿಗೊಟ್ಟೆ, “ಹ್ಞೂಂ” ಅಂದೆ. ಅವನೂ ವ್ಯಾಪಾರಿಯೇ, “ಹ್ಞೂಂ” ಅಂದ. ಕುದಿಯುವ ನೀರಿನಲ್ಲಿ ಹಾಕಿದರೂ ಇದರ ಪದರ ಬಿಡುವುದಿಲ್ಲವೆಂದು ಹೇಳಿ, ನಂಬಿಕೆಗೆ ಒಂದು ತುಂಡನ್ನೂ ಕೊಟ್ಟ. ಬೇರೆಯವರಾಗಿದ್ದರೆ ಅದನ್ನು ಮೇಜಿನ ಮೇಲಿಟ್ಟು ಮರೆಯುತ್ತಿದ್ದರು. ನಾನು ಸೆಲ್ವಿ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಅದನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಅಂಗಡಿಯವನ ಮಾತು ನಿಜ, ಪದರ ಬಿಡಲಿಲ್ಲ. ವಾಸನೆಯೂ ಪಾತ್ರೆಯನ್ನು ಬಿಡಲಿಲ್ಲ. ಮರುದಿನದ ಇಡ್ಲಿ ಬಾಯಿಗಿಟ್ಟ ಪವಿತ್ರಾ, “ಅಪ್ಪಾ, ಇದು ಎನ್ನ ಇಡ್ಲಿಯಾ, ಕದವಾ?” ಎಂದು ತಮಿಳಿನಲ್ಲೇ ಕೇಳಿದಳು. ಬಾಗಿಲು ತಿಂದು ಅಭ್ಯಾಸವಿಲ್ಲದ ಮಗು, ಪಾಪ. ಸೆಲ್ವಿ ಏನೂ ಕೇಳದೆ ಹೊಸ ಇಡ್ಲಿ ಪಾತ್ರೆ ತಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂತೂ ಹಲಗೆ ಬಂತು. ಮಾಯಾಂಡಿ ಮೇಸ್ತ್ರಿ ಅದನ್ನು ಹಾಸಿ, ಸಂದಿಗೆ ಟೇಪು ಒತ್ತಿ, ಮೇಲೆ ಎಣ್ಣೆ ಸವರಿದ. ನಾನು ಚಪ್ಪಲಿ ಬಿಟ್ಟು ಹತ್ತಿ, ಕೂದಲೆಳೆ ಬಿದ್ದಿದ್ದರೂ ಹೆಕ್ಕಿ ತೆಗೆದೆ. ಆಗ ಆಂಡಿಪಟ್ಟಿಯಿಂದ ಬೊಮ್ಮಕ್ಕ ಅತ್ತೆ ಬಂದಿಳಿದರು. ನಮ್ಮಪ್ಪನ ಅಕ್ಕ. ನಮ್ಮ ಮನೆತನದಲ್ಲಿ ಹೊಸ ಸೂರು ಏರುವ ಮುಂಚೆ ಕುಲದ ಅವ್ವನಿಗೆ ಎಲೆ ಹಾಕಬೇಕು. ಬಡಿಸಿದ್ದನ್ನು ಪ್ರಸಾದವೆಂದು ಹಂಚಬಹುದು, ಎಲೆಯನ್ನು ಮಾತ್ರ ಯಾರೂ ಕೈಯಿಂದ ಎತ್ತಬಾರದು. ಹಸು ಬಂದು ತಿನ್ನಬೇಕು, ಇಲ್ಲವೇ ಗಾಳಿ ಒಯ್ಯಬೇಕು. ಹಿಂದೆ ಮಣ್ಣಿನ ಮನೆ ಕಟ್ಟುವಾಗ ಎಲೆ ನೆಲದ ಮೇಲಿರುತ್ತಿತ್ತು, ಹಸುವೂ ಅಲ್ಲೇ ಇರುತ್ತಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಅತ್ತೆ ಏಣಿ ಹತ್ತಿ, ನನ್ನ ಹೊಳೆಯುವ ಹಲಗೆಗಳ ನಟ್ಟನಡುವೆ ಎಲೆ ಹಾಸಿದರು.

“ಮೂಲೆಗಾಕತ್ತೆ,” ಎಂದು ಗೋಗರೆದೆ.

“ಅವ್ವ ಏನ್ ಮೂಲೇಲ್ ಕೂರೋಳೇನ್ಲಾ?” ಅಂದರು.

ಗಾಳಿಯಾದರೂ ಒಯ್ಯುತ್ತದೆಂದು ಆಸೆಯಿತ್ತು. ನಮ್ಮ ಕಣಿವೆಯ ಗಾಳಿಯೇನು ಸಾಮಾನ್ಯದ್ದೇ, ಒಣಹಾಕಿದ ಪಂಚೆಯನ್ನು ಪಕ್ಕದ ಬೀದಿಯಲ್ಲಿ ಹುಡುಕಬೇಕಾಗುತ್ತದೆ. ಆದರೆ ಪೂಜೆಯ ನಡುವೆ ಎಲೆ ಹಾರಿದರೆ ಅಪಶಕುನವೆಂದು ಅತ್ತೆ ಅದರ ನಾಲ್ಕು ಮೂಲೆಗೂ ಒಂದೊಂದು ಜಲ್ಲಿಕಲ್ಲು ಹೇರಿದರು. ಪೂಜೆಯಾದ ಮೇಲೆ ಕಲ್ಲು ತೆಗೆಯಿರೆಂದರೆ, ಅದೂ ಎಲೆಗೆ ಸೇರಿದ್ದಂತೆ. ಮಾಯಾಂಡಿಯನ್ನು ಮೆಲ್ಲಗೆ ಕರೆದು, “ನೀನಾದರೂ ಎತ್ತಿಬಿಡಪ್ಪ” ಅಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, “ಸಾಮಿ ಎಲೆ ಸಾರ್, ನಾನ್ ತೊಡ ಮಾಟ್ಟೇನ್,” ಎಂದು ಕೈ ಮುಗಿದ. ಮುಟ್ಟುವುದಿಲ್ಲವೆಂದರೆ ಮುಟ್ಟುವುದಿಲ್ಲ. ಕಂಬಿ ಕಟ್ಟುವವರೂ ಎಲೆಯನ್ನು ಅಲುಗಿಸದೆ ಅದರ ಮೇಲೆಯೇ ಕಂಬಿ ಹೆಣೆದರು. ಮರುದಿನ ಬೆಳಗ್ಗೆ ಕಾಂಕ್ರೀಟು ಮಿಕ್ಸರು ಬಂತು. ಅತ್ತೆ ಪಕ್ಕದ ಮನೆಯ ಮಹಡಿಯ ಮೇಲೆ ಕೊಡೆ ಹಿಡಿದು ಕಾವಲು ಕೂತಿದ್ದರು. ಎಲೆಯ ಮೇಲೆಯೇ ಕಾಂಕ್ರೀಟು ಬಿತ್ತು. ನಾನೇ ಹೋಗಿ ಎತ್ತಬಹುದಿತ್ತು ಎಂದು ನೀವು ಕೇಳುತ್ತೀರಿ. ನೀವು ನಮ್ಮ ಅತ್ತೆಯನ್ನು ನೋಡಿಲ್ಲ.

ಹಲಗೆ ಬಿಚ್ಚಿದ ದಿನ ನಾನು ಮೊದಲು ಒಳಗೆ ಹೋದೆ. ಸೂರು ನಾನು ಕನಸು ಕಂಡದ್ದಕ್ಕಿಂತ ನುಣುಪಾಗಿತ್ತು. ನಡುವೆ, ದಿಂಡು, ಗೆರೆ, ಹರಿದ ಅಂಚಿನ ಸಮೇತ, ಬಾಳೆಯೆಲೆಯೊಂದರ ಅಚ್ಚು ತಲೆಕೆಳಗಾಗಿ ಒತ್ತಿಕೊಂಡಿತ್ತು. ಜೀವಮಾನವಿಡೀ ಬಾಳೆ ಮಾರಿ ಬದುಕಿದವನ ತಲೆಯ ಮೇಲೆಯೇ ಬಾಳೆ ಬಂದು ಕೂತಿತಲ್ಲ ಎಂದು ಅಳು ಬಂತು. ಇನ್ನು ಗುಲಾಬಿ ಹೂವೇ ಗತಿ ಅಂದುಕೊಂಡು, ಹಿಂದೆ ಬಂದ ಸೆಲ್ವಿಗೆ ನಾನೇ ಸೋಲೊಪ್ಪಿದೆ. “ಸರಿ, ಪೂಚಾಕ್ಸಿಬಿಡು” ಅಂದೆ.

ಅವಳು ಮೇಲೆ ನೋಡಿ ಕೆನ್ನೆ ಬಡಿದುಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

“ಅವ್ವ ಉಂಡ ಎಲೆ ಮೇಲೆ ಸಿಮೆಂಟ್ ಪೂಚಾಕಕ್ಕೆ ಮನಸ್ ಬಂತಾ ನಿಮ್ಗೆ? ಚೀ!”

ಹೀಗೆ ನಾನು ಗೆದ್ದೆ. ಸೂರಿಗೆ ಪ್ಲ್ಯಾಸ್ಟರು ಬೀಳಲಿಲ್ಲ. ಗುಲಾಬಿ ಹೂ ತಪ್ಪಿತು, ನೀಲಿ ದೀಪ ತಪ್ಪಲಿಲ್ಲ; ಈಗ ಅದು ಎಲೆಯ ಸುತ್ತ ಉರಿಯುತ್ತದೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಕತ್ತೆತ್ತಿ ಎಲೆಗೆ ಕೈ ಮುಗಿದು, ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಅತ್ತೆಯ ಕಾಲಿಗೆ ಬಿದ್ದು, ನೇರ ಊಟಕ್ಕೆ ಹೋದರು. ನುಣುಪಿನ ಬಗ್ಗೆ ಯಾರಾದರೂ ಒಂದು ಮಾತಾಡುತ್ತಾರೇನೋ ಎಂದು ನಾನು ಊಟದ ಪಂಕ್ತಿಯಿಂದ ಪಂಕ್ತಿಗೆ ಅಲೆದೆ. ಮಾವನವರು ಮಾತ್ರ ಎಲೆ ಬಿಟ್ಟು ಉಳಿದ ಸೂರನ್ನು ಮೂಲೆಯಿಂದ ಮೂಲೆಗೆ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಇವರಿಗಾದರೂ ಕಂಡಿತಲ್ಲ ಅಂದುಕೊಂಡೆ. ಹತ್ತಿರ ಹೋದೆ.

“ಎಲೆ ಏನೋ ಚಂದಾಗೈತೆ ಮಾಪ್ಳೆ,” ಅಂದರು. “ಮಿಕ್ಕಿದ್ದ ಯಾವಾಗ ಮುಗಿಸ್ತೀರಿ?”

ಬಿಚ್ಚಿದ ಹಲಗೆಗಳನ್ನು ಅತ್ತೆಯೇ ಆಂಡಿಪಟ್ಟಿಗೆ ಒಯ್ದು ಕೊಟ್ಟಿಗೆಗೆ ಮರೆ ಕಟ್ಟಿಸಿದ್ದಾರೆ. ಮೊನ್ನೆ ಹೋದಾಗ ನೋಡಿದೆ, ಅವರ ಹಸು ಅದಕ್ಕೆ ಕತ್ತು ಒತ್ತಿ, ಕಣ್ಣು ಮುಚ್ಚಿ, ಉಜ್ಜಿಕೊಳ್ಳುತ್ತ ನಿಂತಿತ್ತು. ಆ ನುಣುಪಿನ ಬೆಲೆ ತಿಳಿದ ಜೀವ ಲೋಕದಲ್ಲಿ ಅದೊಂದೇ. ಅಂದು ಏಣಿ ಹತ್ತಿ ಬಂದು ಎಲೆ ತಿನ್ನಲು ಅದಕ್ಕೇನಾಗಿತ್ತೋ! ಇರಲಿ. ಹೊಸಬರು ಯಾರಾದರೂ ಮನೆಗೆ ಬಂದು, ಇಷ್ಟು ಚೆಂದದ ಎಲೆ ಯಾರ ಯೋಚನೆ ಎಂದು ಕೇಳಿದರೆ, ನನ್ನದೇ ಅಂದುಬಿಡುತ್ತೇನೆ. ಅತ್ತೆ ಆಂಡಿಪಟ್ಟಿಯಲ್ಲಿರುವ ದಿನ ಮಾತ್ರ. ಆಗಲೂ ಒಮ್ಮೆ ತಲೆಯೆತ್ತಿ ಮೇಲೆ ನೋಡಿ, ದನಿ ತಗ್ಗಿಸಿಕೊಂಡೇ ಹೇಳುತ್ತೇನೆ.